ಹಾಯಿದೋಣಿಯಿಂದ ಇಳಿದ ಮೇಲೆ

ಹಗ್ಗದ ಗಂಟು ಬೀಳಲಿಲ್ಲ. ಮೊದಲು ಆಗಿದ್ದು ಅಷ್ಟೇ.

ನಮ್ಮ ಮನೆಯವರು ಇಡೀ ನೌಕರಿಯನ್ನು ಹಡಗಿನಲ್ಲೇ ಕಳೆದವರು. ಗಂಟು ಹಾಕುವಾಗ ಕೈಯ ಕಡೆ ನೋಡುತ್ತಲೂ ಇರಲಿಲ್ಲ. ಆ ಬೆಳಿಗ್ಗೆ ಹಾಯಿಯ ಹಗ್ಗ ಬಲಗೈ ಬೆರಳುಗಳಿಂದ ಮತ್ತೆ ಮತ್ತೆ ಜಾರಿತು. "ತಂಡಿಗೆ ಬೆರಳು ಸೆಟದಾವ" ಎಂದು ನಕ್ಕರು. ಅದು ಚಳಿಗಾಲವೇ ಅಲ್ಲ.

ನಿವೃತ್ತಿಯಾದ ಮೇಲೆ ಗೋವಾದಿಂದ ಹಳೆಯ ಹಾಯಿದೋಣಿಯೊಂದನ್ನು ಲಾರಿಯಲ್ಲಿ ತರಿಸಿ, ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಕೃಷ್ಣೆಯ ಹಿನ್ನೀರಿಗೆ ಇಳಿಸಿ, ನಾವಿಬ್ಬರೂ ಅದರಲ್ಲೇ ಸಂಸಾರ ಹೂಡಿದ್ದೆವು. ನಾನು ಇಂಡಿ ಊರಿನ ಶಾಲೆಯಲ್ಲಿ ಪಾಠ ಹೇಳಿದವಳು; ನೀರೆಂದರೆ ಕೊಡದ ನೀರಷ್ಟೇ ಗೊತ್ತಿತ್ತು. ಹಡಗಿನವನ ಹೆಂಡತಿಯಾಗಿ ವರ್ಷಗಟ್ಟಲೆ ಒಬ್ಬಳೇ ಇದ್ದೆ. ಆ ಇಕ್ಕಟ್ಟಿನ ದೋಣಿಯಲ್ಲಿ, ಒಬ್ಬರು ಎದ್ದರೆ ಇನ್ನೊಬ್ಬರು ಸರಿಯಬೇಕಾದ ಜಾಗದಲ್ಲಿ, ನನಗೆ ಮೊದಲ ಸಲ ಗಂಡ ಸಿಕ್ಕಿದ್ದ.

ಬೆರಳಾದ ಮೇಲೆ ಮೊಣಕೈ. ಆಮೇಲೆ ಕಾಲು ಎಡವತೊಡಗಿತು. ವಿಜಯಪುರದ ನ್ಯೂರಾಲಜಿಸ್ಟ್ ನರ-ಸ್ನಾಯುಗಳ ಇಎಂಜಿ ಪರೀಕ್ಷೆ ಮಾಡಿಸಿ, ಮೋಟರ್ ನ್ಯೂರಾನ್ ಡಿಸೀಸ್ ಎಂದರು. ನರ ಸಾಯುತ್ತವೆ, ಸ್ನಾಯು ಒಣಗುತ್ತವೆ, ಕೊನೆಗೆ ಮಾತು, ನುಂಗುವುದು, ಉಸಿರು. ಗುಣಪಡಿಸುವ ಔಷಧವಿಲ್ಲ. ಬುದ್ಧಿಯ ಗತಿಯೇನು ಎಂದು ಕೇಳಿದೆ.

"ಇವರ ಬುದ್ಧಿಗೆ ಏನೂ ಆಗಿಲ್ರಿ. ಕಡೀತನಕ ಎಲ್ಲಾ ತಿಳೀತೈತಿ."

ಸಮಾಧಾನಕ್ಕೆಂದೇ ಹೇಳಿದರು, ಪಾಪ.

ದೋಣಿ ಬಿಡಲು ಅವರು ಒಪ್ಪಲಿಲ್ಲ. ಒಂದು ಮಧ್ಯಾಹ್ನ ನಾನು ಒಳಗೆ ಅಡುಗೆ ಮಾಡುತ್ತಿದ್ದಾಗ ಧಡ್ ಎಂಬ ಸದ್ದು. ಹೊರಗೆ ಬಂದರೆ ಅವರು ನೀರಿನಲ್ಲಿ. ಬಾಗಿ ಅಂಗಿಯ ಕಾಲರ್ ಹಿಡಿದೆ. ಎತ್ತುವ ಶಕ್ತಿ ನನಗಿಲ್ಲ, ಹತ್ತುವ ಶಕ್ತಿ ಅವರಿಗಿಲ್ಲ. ಕೂಗಿದೆ. ಮೀನು ಹಿಡಿಯುವವರ ತೆಪ್ಪ ದೂರದಲ್ಲಿತ್ತು. ನಮ್ಮ ಮನೆಯವರು ನೀರಿನಿಂದಲೇ ನನ್ನ ಮುಖ ನೋಡಿದರು. ಮಾತು ಆಗಲೇ ತೊದಲುತ್ತಿತ್ತು; ಇದು ಮಾತ್ರ ಸ್ಪಷ್ಟವಾಗಿ ಬಂತು.

"ಬಿಡು ಸುಮಿತ್ರಾ. ಹಿಂಗ ಹೋದ್ರ ಛಲೋ."

ಬಿಡಲಿಲ್ಲ.

ತೆಪ್ಪದವರು ಬಂದು ಎತ್ತಿ ಮೇಲೆ ಹಾಕಿದರು. ಅಂದಿನಿಂದ ನಮ್ಮ ಮನೆಯವರು ನನ್ನೊಡನೆ ಮಾತು ಬಿಟ್ಟರು. ಉಳಿದ ಮಾತನ್ನೆಲ್ಲ ಡಾಕ್ಟರಿಗೆ, ತಮ್ಮ ಅಕ್ಕನಿಗೆ, ದೋಣಿ ಕೊಳ್ಳಲು ಬಂದವರಿಗೆ ಖರ್ಚು ಮಾಡಿದರು. ನನಗೊಂದೂ ಇಲ್ಲ. ಮುದ್ದೇಬಿಹಾಳದ ಬಾಡಿಗೆ ಮನೆಯಲ್ಲಿ ನಾನು ಮೈ ತೊಳೆಯುವಾಗ ಗೋಡೆ ನೋಡುತ್ತಿದ್ದರು. ಸಿಂದಗಿಯಿಂದ ಬಂದ ಅವರ ಅಕ್ಕ, "ನೆಲಾ ಬಿಟ್ಟು ನೀರಾಗ ಮನಿ ಮಾಡಿದ್ರ ಮತ್ತೇನಾಗತೈತಿ" ಎಂದು ನನಗೆ ಕೇಳುವ ಹಾಗೆ ಅಂದರು. ಆಮೇಲೆ ಇವರ ಮಾತು ಪೂರ್ತಿ ಹೋಯಿತು. ಅದು ಕೋಪವೋ ರೋಗವೋ, ನನಗೆ ಮೊದಲು ತಿಳಿಯಲೂ ಇಲ್ಲ.

ಈಗ ಹೊಟ್ಟೆಗೆ ಫೀಡಿಂಗ್ ಟ್ಯೂಬ್. ಅವರಿಗೆ ಕಾಣಬಾರದೆಂದು ನಾನು ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ನಿಂತೇ ಊಟ ಮುಗಿಸುತ್ತಿದ್ದೆ. ಹೋದ ವಾರ ಹಾಗೆ ಒಳಗೆ ಹೊರಟಾಗ ಅವರ ಕಣ್ಣು ನನ್ನ ಕಡೆ, ಆ ಬಾಗಿಲ ಕಡೆ, ಮತ್ತೆ ಹಾಸಿಗೆಯ ಪಕ್ಕದ ಕುರ್ಚಿಯ ಕಡೆ ಹೊರಳಿತು. ನೋವೇ ಎಂದೆ. ಅಲ್ಲ. ಕಫ ತೆಗೆಯಲೇ ಎಂದೆ. ಅಲ್ಲ.

"ಇಲ್ಲೇ ಬಂದು ಉಣ್ಣು ಅಂತೀರೇನ್ರಿ?"

ರೆಪ್ಪೆ ಮುಚ್ಚಿ ತೆರೆದರು. ಅದು ಹೌದು.

ತಾಟು ತಂದು ಪಕ್ಕದಲ್ಲಿ ಕುಳಿತೆ. ರೊಟ್ಟಿ, ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ. ನಾನು ಜಗಿಯುವುದನ್ನು ಅವರು ಕೊನೆಯ ತುತ್ತಿನವರೆಗೂ ನೋಡಿದರು. ಕ್ಷಮಿಸಿದರೆಂದು ಹೇಳಲಾರೆ. ಈಗ ದಿನಾ ಅಲ್ಲೇ ಕೂತು ಉಣ್ಣುತ್ತೇನೆ, ನಿಧಾನವಾಗಿ.