ಹಾರಲು ಸಾಲದ ತೂಕ

ಆಕೆಯನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ. ವಯಸ್ಸು ನಲವತ್ತು ದಾಟಿದರೂ ಮೈಗೆ ಗುಲಗಂಜಿಯಷ್ಟೂ ಮಾಂಸ ಹತ್ತಿರಲಿಲ್ಲ. ಗಾಳಿ ಬೀಸಿದರೆ ಹಾರಿಹೋಗುತ್ತಾಳೆ ಎಂದು ನಗುತ್ತಿದ್ದವರಿಗೇನು ಗೊತ್ತು, ಹಾರುವುದಕ್ಕೇ ಆಕೆಯ ತೂಕ ಸಾಲದೆಂದು.

ರಜಾದಿನಗಳಲ್ಲಿ ಊರಾಚೆಯ ಹುಲ್ಲುಬಯಲಿನಲ್ಲಿ ಆಕೆ ಗ್ಲೈಡರ್ ಹಾರಿಸಲು ಕಲಿಯುತ್ತಿದ್ದಳು. ಎಂಜಿನ್ ಇಲ್ಲದ ಆ ವಿಮಾನದಲ್ಲಿ ಕೂತವರು ತೀರ ಹಗುರವಾದರೆ ಬಾಲ ಭಾರವಾಗಿ ಮೂತಿ ಮೇಲೇಳುತ್ತದೆ; ಆಮೇಲೆ ಅದು ಹೇಳಿದ ಮಾತು ಕೇಳುವುದಿಲ್ಲ. ಅಂಥವರ ಸೀಟಿನಡಿ ಸೀಸದ ಬಿಲ್ಲೆಗಳನ್ನು ಬಿಗಿಯುತ್ತಾರೆ. ಅದನ್ನು ಕೇಳಲು ಕಡ್ಡಿಗೆ ನಾಚಿಕೆ. ಹುಟ್ಟಿದಾಗಿನಿಂದ ಎಲ್ಲದಕ್ಕೂ ಕಮ್ಮಿ ಎನಿಸಿಕೊಂಡವಳು, ಆಕಾಶದಲ್ಲೂ ಕಮ್ಮಿ ಎನಿಸಿಕೊಳ್ಳಬೇಕೇ? ಅಕ್ಕ ತಿಂಗಳುಗಟ್ಟಲೆ ತುಪ್ಪ ಸುರಿದು ಬಡಿಸಿದಳು, ಏನೂ ಹತ್ತಲಿಲ್ಲ.

ಒಬ್ಬಳೇ ಹಾರುವ ಮೊದಲ ದಿನ ಬಂತು. ಬೆಳಿಗ್ಗೆ ನೋಡಿದರೆ ಬಿಲ್ಲೆಯಿಲ್ಲದೆ ಹಾರಲು ಬೇಕಾದ ತೂಕಕ್ಕೆ ಇನ್ನೂ ಎರಡು ಕೆಜಿ ಕಮ್ಮಿ. ಹೊರಡುವ ಮುನ್ನ ಗಂಟಲಿಗೆ ಬರುವವರೆಗೂ ನೀರು ಕುಡಿದಳು. ಬಯಲಿನ ತಕ್ಕಡಿಯ ಮುಳ್ಳು ಹೇಗೋ ಗೆರೆ ಮುಟ್ಟಿತು. ಹಾರಾಟ ಕಲಿಸುವ ಮೇಷ್ಟ್ರು "ಹತ್ತಮ್ಮಾ" ಎಂದರು.

ಬೆಚ್ಚನೆಯ ಗಾಳಿ ಆಕೆಯನ್ನು ಅಂಗೈಯಲ್ಲಿಟ್ಟುಕೊಂಡು ಎತ್ತಿತು. ಒಂದು ಹದ್ದು ಪಕ್ಕದಲ್ಲೇ ಸುತ್ತುತ್ತಿತ್ತು. ಬಯಲು ಕರವಸ್ತ್ರದಷ್ಟಾಯಿತು. ವರ್ಷಗಳಿಂದ ಕಿವಿಯಲ್ಲಿ ಕೂತಿದ್ದ ಹೊಲಿಗೆ ಯಂತ್ರದ ಸದ್ದು ಮೊದಲ ಸಲ ನಿಂತಿತ್ತು. ಇಲ್ಲೇ ಇದ್ದುಬಿಡಬಹುದು ಎಂದುಕೊಳ್ಳುವಷ್ಟರಲ್ಲಿ ಕುಡಿದ ನೀರು ತಕರಾರು ತೆಗೆಯಿತು. ಮೊಣಕಾಲು ಬಿಗಿಹಿಡಿದಳು, ಹಾಡು ಗುನುಗಿದಳು; ಅದು ಕೇಳಬೇಕಲ್ಲ. ಆ ಗಾಳಿಯನ್ನು ಬಿಟ್ಟು ಅಳುತ್ತಲೇ ಇಳಿದಳು. ಮೇಷ್ಟ್ರನ್ನು ದಾಟಿ ಶೌಚಾಲಯಕ್ಕೆ ಓಡಿದಳು.

ವಾಪಸು ಬಂದಾಗ ಅವರು ಕೇಳಿದರು, "ಅಷ್ಟು ಒಳ್ಳೆ ಗಾಳಿ ಬಿಟ್ಟು ಯಾಕಮ್ಮಾ ಇಳಿದೆ?"

"ತೂಕಕ್ಕೆ ಅಂತ ನೀರು ಕುಡಿದಿದ್ದೆ ಸಾರ್."

ಮೇಷ್ಟ್ರು ನಗಲಿಲ್ಲ. "ಮೇಲೇ ಆ ತೂಕ ಇಳಿದುಹೋಗಿದ್ರೆ ನಿನ್ನ ಕಥೆ ಏನಾಗ್ತಿತ್ತು?" ಎಂದು ಗದರಿದರು. ಆಮೇಲೆ ತಮ್ಮ ಹೊಟ್ಟೆ ತಟ್ಟಿಕೊಂಡರು. "ಇದನ್ನ ನೋಡು. ಒಬ್ಬರೇ ಕೂರೋ ಈ ಗ್ಲೈಡರಿಗೆ ನನ್ನ ಭಾರ ಹೆಚ್ಚಾಗಿ, ಇದರಲ್ಲಿ ಹಾರದೆ ಎಷ್ಟೋ ವರ್ಷ ಆಯ್ತು. ಓಡಿದೆ, ಉಪವಾಸ ಮಾಡಿದೆ, ಮಂಡಿ ಕೈಕೊಡ್ತು. ನನ್ನದನ್ನ ಬಿಚ್ಚಿಡೋಕೆ ಆಗಲ್ಲ. ನಿನಗಾದ್ರೆ ಒಂದು ಸ್ಪ್ಯಾನರ್ ಸಾಕು."

ಸೀಸದ ಬಿಲ್ಲೆಗಳನ್ನು ತಂದು, ಏದುಸಿರು ಬಿಡುತ್ತಾ ಬಗ್ಗಿ, ತಾವೇ ಬಿಗಿದರು.

ಮಧ್ಯಾಹ್ನ ಕಡ್ಡಿ ಮತ್ತೆ ಹಾರಿದಳು. ಕೆಳಗೆ ಮೇಷ್ಟ್ರು ಕತ್ತೆತ್ತಿ ನಿಂತೇ ಇದ್ದರು. ಇಳಿಯಲು ತಿರುಗಿದವಳಿಗೆ ಅವರು ಕಂಡರು. ಅವರ ಪಾಲಿನದೂ ಇರಲಿ ಎಂದು ಇನ್ನೊಂದು ಸುತ್ತು ಹಾಕಿದಳು.