‘ಕಾಯಿ’ ಎನ್ನುತ್ತಲೇ ಇದ್ದ ಲವೀನಾ

ನಮ್ಮ ಲವೀನಾ ಯಾವುದಕ್ಕೂ ಅವಸರ ಮಾಡುವವಳಲ್ಲ. ಸಿಗ್ನಲ್ ದೀಪ ಹಸಿರಾದ ಮೇಲೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಹಿಂದಿನ ಗಾಡಿಯವನು ಹಾರ್ನ್ ಬಾರಿಸಿದ ಮೇಲೆಯೇ ಅವಳ ಪಿಕಪ್ ಹೊರಡುವುದು. ಬಿಂಗೋ ಆಟದಲ್ಲಿ ಅವಳ ಸಾಲು ತುಂಬಿದ್ದರೂ ಬಾಯಿ ಬಿಡುವುದಿಲ್ಲ, ಇನ್ನೊಮ್ಮೆ ಸರಿನೋಡುತ್ತಾ ಕೂರುತ್ತಾಳೆ. ಅಷ್ಟರಲ್ಲಿ ಪಕ್ಕದ ಮೇಜಿನವರು ಕೂಗಿ ಬಹುಮಾನ ಹೊಡೆದುಕೊಂಡಿರುತ್ತಾರೆ. ನಾನು ಅವಳ ಚಿಕ್ಕಮ್ಮನ ಮಗಳು ಡೋರೀನ್. ನನಗೋ ಮೂಗಿನ ತುದಿಯಲ್ಲೇ ಕೋಪ. ಹೀಗಿರುವ ನಾವಿಬ್ಬರು ಒಂದೇ ಕಡೆ ಇಷ್ಟು ವರ್ಷ ಕೆಲಸ ಮಾಡಿದ್ದೇವೆ ಎಂದರೆ ಯಾರೂ ನಂಬುವುದಿಲ್ಲ.

ಕೆಲಸ ನಮ್ಮ ಬುಡಕಟ್ಟಿನ ಮೀನುಮರಿ ಕೇಂದ್ರದಲ್ಲಿ. ಬೇಸಿಗೆ ಮುಗಿಯುತ್ತಿದ್ದಂತೆ ಸಾಲ್ಮನ್ ಮೀನುಗಳು ಸಮುದ್ರ ಬಿಟ್ಟು, ತಾವು ಹುಟ್ಟಿದ ಈ ನದಿಯನ್ನೇ ಹುಡುಕಿಕೊಂಡು ಮೇಲಕ್ಕೆ ಬರುತ್ತವೆ. ನದಿಯ ನೀರಿಗೆ ಬಂದ ದಿನದಿಂದ ಊಟ ಬಿಟ್ಟುಬಿಡುತ್ತವೆ. ಮೈಯಲ್ಲಿರುವ ಕಸುವೆಲ್ಲ ಹೆಣ್ಣಿಗೆ ಮೊಟ್ಟೆಯಾಗಿ, ಗಂಡಿಗೆ ವೀರ್ಯವಾಗಿ ತಿರುಗಬೇಕು. ಬೆಳ್ಳಿಯಂತಿದ್ದ ಚರ್ಮ ತಿಕ್ಕದೆ ಬಿಟ್ಟ ಹಿತ್ತಾಳೆ ಚೊಂಬಿನ ಹಾಗೆ ಕಪ್ಪಾಗುತ್ತದೆ, ಗಂಡಿನ ದವಡೆ ಕೊಕ್ಕೆಯಂತೆ ಬಾಗುತ್ತದೆ. ಮದುವೆಗೆ ಹೊರಟವರು ಇಷ್ಟು ಕುರೂಪಿಗಳಾಗುವುದು ಬೇರೆಲ್ಲೂ ಇಲ್ಲ.

ಮೀನು ನಮ್ಮ ಕೇಂದ್ರದ ಸಿಮೆಂಟು ಕೊಳಕ್ಕೆ ಬಂದು ಸೇರಿತು ಎಂದ ಮಾತ್ರಕ್ಕೆ ಮೊಟ್ಟೆ ಸಿದ್ಧವಾಗಿದೆ ಎಂದಲ್ಲ. ಅವು ಒಳಗೆ ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿ ಕೂತಿರುತ್ತವೆ. ಒಂದು ದಿನ ತಾವಾಗಿಯೇ ಗೊಂಚಲು ಬಿಟ್ಟು ಹೊಟ್ಟೆಯಲ್ಲಿ ಬಿಡಿಬಿಡಿಯಾಗಿ ಉರುಳಾಡುತ್ತವೆ. ಅದಕ್ಕೆ ಮುಂಚೆ ಹೊಟ್ಟೆ ಕೊಯ್ದು ತೆಗೆದರೆ ಮರಿಯಾಗುವುದಿಲ್ಲ. ಆಮೇಲೆ ಬಹಳ ದಿನ ಬಿಟ್ಟರೂ ಕೆಟ್ಟುಹೋಗುತ್ತವೆ. ಆದ್ದರಿಂದ ಪ್ರತಿ ಸೋಮವಾರ ನಾವು ಕೊಳಕ್ಕಿಳಿದು ಒಂದೊಂದೇ ಹೆಣ್ಣು ಮೀನನ್ನು ಹಿಡಿದೆತ್ತುತ್ತೇವೆ, ಲವೀನಾ ಹೊಟ್ಟೆ ಮುಟ್ಟಿ ನೋಡುತ್ತಾಳೆ. ‘ಕಾಯಿ’ ಎಂದರೆ ವಾಪಸ್ ನೀರಿಗೆ. ‘ಹಣ್ಣು’ ಎಂದರೆ ಕೊಯ್ಯುವ ಮೇಜಿಗೆ. ಮೇಜಿಗೆ ಹೋದದ್ದು ತಿರುಗಿ ನೀರಿಗೆ ಬರುವುದಿಲ್ಲವಾದ್ದರಿಂದ ಅವಳ ಕೈ ಹೊಟ್ಟೆಯ ಮೇಲಿರುವಷ್ಟು ಹೊತ್ತು ನಾವ್ಯಾರೂ ಕೆಮ್ಮುವುದೂ ಇಲ್ಲ.

ಅವಳು ಹುಟ್ಟಾ ನಿಧಾನಿಯಲ್ಲ. ಹತ್ತೊಂಬತ್ತರ ವಯಸ್ಸಿಗೆ ಈ ಕೆಲಸಕ್ಕೆ ಸೇರಿದಾಗ ತನ್ನ ಜಾಣತನ ತೋರಿಸುವ ಹುಮ್ಮಸ್ಸಿನಲ್ಲಿ ಮೀನೊಂದನ್ನು ತಾನೇ ‘ಹಣ್ಣು’ ಎಂದು ಕೊಯ್ದಳು. ಒಳಗಿಂದ ಬಂದದ್ದು ಬಿಗಿಯಾದ ಗೊಂಚಲು. ಆಗ ಹೊಟ್ಟೆ ಮುಟ್ಟಿ ನೋಡುವ ಕೆಲಸ ನಮ್ಮ ಸೋದರಮಾವನದು. ಅವರು ಬೈಯಲಿಲ್ಲ, ಚಾಕು ತೊಳೆದು ಪಕ್ಕಕ್ಕಿಟ್ಟು ಹೊರಗೆ ಹೋದರು. ಅದೇ ವರ್ಷ ಅವಳು ಮರದ ದಿಮ್ಮಿ ಸಾಗಿಸುವ ಲಾರಿಯ ಡ್ರೈವರ್ ಒಬ್ಬನನ್ನು ಒಂದು ಬೇಸಿಗೆಯ ಪರಿಚಯದಲ್ಲಿ ಮದುವೆಯಾದಳು. ಮರುವರ್ಷ ಮೀನು ಬರುವ ಹೊತ್ತಿಗೆ ಅವನು ಲಾರಿ ಸಮೇತ ಮಾಯ.

“ಎರಡೂ ಕಾಯಲ್ಲೇ ಕೊಯ್ದಿದ್ದು ಕಣೆ,” ಎಂದಿದ್ದಳು ನನ್ನ ಹತ್ತಿರ. ಅಲ್ಲಿಂದ ಮುಂದೆ ಅವಳ ಬಾಯಲ್ಲಿ ಒಂದೇ ಮಾತು: “ಇನ್ನೊಂದು ವಾರ ನೋಡೋಣ.”

ಈ ಮಾತಿಗೆ ಸಿಕ್ಕಿ ಅತಿ ಹೆಚ್ಚು ನವೆದವನು ಎಲ್ರಾಯ್. ನದಿಯ ತಿರುವಿನಲ್ಲಿ ಅವನ ಹೊಗೆಮನೆಯಿದೆ. ಆಲ್ಡರ್ ಸೌದೆಯ ಹೊಗೆಯಲ್ಲಿ ಅವನು ಒಣಗಿಸಿದ ಸಾಲ್ಮನ್ ತಿಂದವರು ಬೇರೆಯವರದ್ದನ್ನು ಬೆಕ್ಕಿಗೆ ಹಾಕುತ್ತಾರೆ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗು. ಪ್ರತಿ ವರ್ಷ ಮೀನು ಮುಟ್ಟಿ ನೋಡುವ ಮೊದಲ ಸೋಮವಾರ ಅವನು ಬಿಸಿಬಿಸಿ ಕರಿದ ರೊಟ್ಟಿ, ಹಕಲ್‌ಬೆರಿ ಜಾಮ್, ಒಂದು ಫ್ಲಾಸ್ಕ್ ಕಾಫಿ ಹಿಡಿದು ಬರುತ್ತಿದ್ದ. ಎಲ್ಲರೆದುರಿಗೇ ಕೇಳುತ್ತಿದ್ದ:

“ಲವೀನಾ, ಈ ವರ್ಷನಾದ್ರೂ ಮದ್ವೆ ಆಗೋಣ್ವಾ?”

ಅವಳು ತಲೆ ಎತ್ತದೆಯೇ ಹೇಳುತ್ತಿದ್ದಳು: “ಕಾಯಿ. ವಾಪಸ್ ಕೊಳಕ್ಕೆ ಬಿಡ್ರೋ ಇವನನ್ನ.”

ನಾವೆಲ್ಲ ಗೊಳ್ಳೆಂದು ನಗುತ್ತಿದ್ದೆವು. ಎಲ್ರಾಯ್ ಎಲ್ಲರಿಗಿಂತ ಜೋರಾಗಿ ನಕ್ಕು ರೊಟ್ಟಿ ಹಂಚುತ್ತಿದ್ದ. ಹತ್ತು ಹನ್ನೊಂದು ವರ್ಷ ಇದು ನಡೆದು, ವರ್ಷದ ಮೊದಲ ಮೀನನ್ನು ಎಲ್ಲರೂ ಹಂಚಿ ತಿಂದು ಅದರ ಮುಳ್ಳನ್ನು ನದಿಗೆ ಬಿಡುವಂತೆ ಇದೂ ಊರಿನ ಒಂದು ಶಾಸ್ತ್ರವಾಗಿಬಿಟ್ಟಿತ್ತು. ನನಗೆ ಮಾತ್ರ ಮೈ ಉರಿಯುತ್ತಿತ್ತು. ಅವಳಿಗೆ ಅವನು ಬೇಡವಾಗಿದ್ದರೆ ಬೇರೆ ಮಾತು. ಬೆನ್ನುನೋವಿನ ಎಲ್ರಾಯ್‌ಗೆಂದೇ ತನ್ನ ಮನೆಯ ಜಗಲಿಯಲ್ಲಿ ಒಳ್ಳೆಯ ಕುರ್ಚಿ ತಂದಿಟ್ಟವಳು, ಅದರಲ್ಲಿ ಬೇರೆಯವರು ಕೂತರೆ ಮುಖ ಗಂಟಿಕ್ಕುವವಳು, ಇನ್ನೇನು ನೋಡಬೇಕಿತ್ತು?

ಹೋದ ವರ್ಷವೂ ಎಲ್ರಾಯ್ ಬಂದ. ರೊಟ್ಟಿ ಹಂಚಿದ. ಬೆಟ್ಟದಾಚೆ ಯಾಕಿಮಾದಲ್ಲಿರುವ ನನ್ನ ತಮ್ಮ ತನ್ನ ಸೇಬಿನ ತೋಟ ನೋಡಿಕೊಳ್ಳಲು ಕರೆಯುತ್ತಿದ್ದಾನೆ, ಇನ್ನು ಅಲ್ಲೇ ಇದ್ದುಬಿಡುತ್ತೇನೆ, ಮುಂದಿನ ವಾರ ಹೊರಡುವುದು ಎಂದ. ಕಾಫಿ ಕುಡಿದು ಮುಗಿಸಿ, ಟೋಪಿ ಹಾಕಿಕೊಂಡು, ಹೋಗಿಯೇ ಬಿಟ್ಟ.

ಲವೀನಾಳ ಕೈ ಮೀನಿನ ಮೇಲೆಯೇ ನಿಂತಿತ್ತು. “ಏನೋ ಮರೆತು ಹೋದ ಅಲ್ವಾ ಅವನು?” ಎಂದಳು.

“ಮರೆತಿಲ್ಲ ಮಾರಾಯ್ತಿ, ಸುಸ್ತಾಗಿದ್ದಾನೆ,” ಎಂದೆ. “ಎಷ್ಟು ಸಲ ಅಂತ ಕೊಳಕ್ಕೆ ಬಿಡ್ತೀಯ? ಅವನೇನು ಮೀನಾ?”

“ನಿಂಗ್ಯಾಕೆ ಅದೆಲ್ಲ? ಬಾಲ ಸರಿಯಾಗಿ ಹಿಡ್ಕೋ.”

ನಾನು ಹಿಡಿದಿದ್ದದ್ದು ದೊಡ್ಡದೊಂದು ಹೆಣ್ಣು. ಬೆನ್ನ ಮೇಲೆ ಮೀನು ತಿನ್ನುವ ಕಡಲಪ್ರಾಣಿ ಸೀಲ್ ಕಚ್ಚಿದ ಬಿಳಿ ಗಾಯದ ಗುರುತಿತ್ತು. ಸೀಲ್ ಬಾಯಿಂದ ತಪ್ಪಿಸಿಕೊಂಡು ಇಲ್ಲಿವರೆಗೆ ಬಂದ ಗಟ್ಟಿಗಿತ್ತಿ. ಬಾಲ ಎತ್ತಿದಾಗ ಹೊಟ್ಟೆಯೊಳಗಿನದು ತಲೆಯ ಕಡೆ ಜಾರಿದ್ದು ನನಗೇ ಗೊತ್ತಾಯಿತು.

“ಹಣ್ಣು ಅಲ್ವೇನೆ ಇದು?”

ಅವಳು ಬಹಳ ಹೊತ್ತು ಕೈ ಇಟ್ಟಿದ್ದಳು. ಆಮೇಲೆ, “ಇನ್ನೊಂದು ವಾರ ನೋಡೋಣ,” ಎಂದಳು. ಬಿಟ್ಟೆವು.

ಆ ವಾರ ಅವಳು ನನ್ನ ಪ್ರಾಣ ತಿಂದಳು. ಎಲ್ರಾಯ್ ಮನೆ ಮುಂದೆ ಲಾರಿ ನಿಂತಿದೆಯಾ? ಹೊಗೆ ಏಳುತ್ತಿದೆಯಾ? ಹೊಗೆಮೀನು ಬೇಕಿತ್ತು, ಅದಕ್ಕೇ ಕೇಳಿದ್ದು ಅಷ್ಟೆ. ಅವಳ ಫ್ರಿಜ್ ತುಂಬ ಅವನದೇ ಹೊಗೆಮೀನು ಇದ್ದದ್ದು ನನಗೆ ಗೊತ್ತಿರಲಿಲ್ಲವೆಂದುಕೊಂಡಳೇನೋ!

ಮುಂದಿನ ಸೋಮವಾರ ಕೊಳದ ನೀರು ತಗ್ಗಿಸಿದಾಗ ಸಿಮೆಂಟು ನೆಲದ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆಗಳು ಹರಿದ ಸರದ ಮಣಿಗಳಂತೆ ಚೆಲ್ಲಿದ್ದವು. ಗೋಡೆಯ ಪಕ್ಕದಲ್ಲಿ ಸೀಲ್ ಕಚ್ಚಿದ ಆ ಮೀನು, ಹೊಟ್ಟೆ ಜೋತುಬಿದ್ದು, ನಿಂತಲ್ಲೇ ನಿಂತಿತ್ತು. ಕಾದು ಕಾದು ತಾನೇ ಸುರಿದುಬಿಟ್ಟಿತ್ತು. ಅಷ್ಟು ದೂರದ ಸಮುದ್ರದಿಂದ ಹಸಿದ ಹೊಟ್ಟೆಯಲ್ಲಿ ಹೊತ್ತು ತಂದದ್ದು ಒಂದು ಮರಿಯೂ ಆಗದೆ ಹೋಯಿತು.

ಲವೀನಾ ಬಗ್ಗಿ ಒಂದಷ್ಟು ಮೊಟ್ಟೆಗಳನ್ನು ಬೊಗಸೆಗೆ ತೆಗೆದುಕೊಂಡಳು.

“ಡೋರೀನ್, ಇದು ಹೋದ ವಾರನೇ ಹಣ್ಣಾಗಿತ್ತು.”

“ಹೂಂ.”

“ನನ್ನ ಕೈಗೆ ಗೊತ್ತಾಗಿತ್ತು ಕಣೆ. ಹೇಳೋಕೆ ಬಾಯಿ ಬರ್ಲಿಲ್ಲ. ಭಯ.”

ಮೊಟ್ಟೆಗಳನ್ನು ನಿಧಾನವಾಗಿ ನೀರಿಗೆ ಬಿಟ್ಟು ಏಣಿ ಹತ್ತಿದಳು. ಎದೆಯವರೆಗಿನ ಒದ್ದೆ ರಬ್ಬರ್ ಉಡುಪಿನಲ್ಲೇ ಪಿಕಪ್ ಕಡೆ ನಡೆದಳು. ನಾನು ಓಡಿಹೋಗಿ ಪಕ್ಕದ ಸೀಟು ಹಿಡಿದೆ.

“ನೀನ್ಯಾಕೆ?”

“ಸಾಕ್ಷಿ ಬೇಕಲ್ಲ.”

ಸೇತುವೆಯ ಹತ್ತಿರ ಸಿಗ್ನಲ್ ಹಸಿರಾಯಿತು. ಲವೀನಾ ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ನಾನು ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಎಲ್ರಾಯ್ ಹೊಗೆಮನೆಯ ತಟ್ಟೆಗಳನ್ನು ಲಾರಿಗೆ ತುಂಬುತ್ತಿದ್ದ. ಮೈತುಂಬ ಮೀನಿನ ಲೋಳೆ ಮೆತ್ತಿಕೊಂಡು ಇಳಿದ ಇವಳನ್ನು ನೋಡಿ ಕೈಲಿದ್ದ ತಟ್ಟೆ ಕೆಳಗಿಟ್ಟ.

“ಕೇಳು,” ಎಂದಳು ಲವೀನಾ.

“ಏನು ಕೇಳಲಿ?”

“ವರ್ಷಾ ವರ್ಷಾ ಕೇಳ್ತೀಯಲ್ಲ, ಅದು.”

“ಕೇಳಿ ಕೇಳಿ ನನ್ನ ಗಂಟ್ಲು ಬಿದ್ದುಹೋಗಿದೆ ಲವೀನಾ. ಈ ಸಲ ಕೇಳಲ್ಲ ಅಂತ ತೀರ್ಮಾನ ಮಾಡಿದೀನಿ.”

“ಹಾಗಿದ್ರೆ ನಾನೇ ಕೇಳ್ತೀನಿ. ಮದ್ವೆ ಆಗೋಣ್ವಾ?”

ಎಲ್ರಾಯ್ ಗಲ್ಲ ಕೆರೆದುಕೊಂಡ. ನದಿ ನೋಡಿದ, ಲಾರಿ ನೋಡಿದ. ಆಮೇಲೆ ಬಲು ಗಂಭೀರವಾಗಿ, “ಇನ್ನೊಂದು ವಾರ ನೋಡೋಣ,” ಎಂದ.

ಅವಳ ಮುಖ ಬಾಡಿಹೋಯಿತು. ಅಲ್ಲೇ ಬಿದ್ದಿದ್ದ ಸೌದೆ ತುಂಡು ಎತ್ತಿ ಅವನಿಗೆ ಎರಡು ಬಿಡಬೇಕು ಎನ್ನಿಸಿತು ನನಗೆ. “ಭಾವ, ಮರ್ಯಾದೆಯಿಂದ ಉತ್ತರ ಕೊಡು!” ಎಂದು ಕೂಗಿದೆ. ಅಷ್ಟರಲ್ಲಿ ಅವನ ಹೊಟ್ಟೆ ಕುಲುಕತೊಡಗಿತು. ನಗು ತಡೆಯಲಾರದೆ ಲಾರಿಗೆ ಒರಗಿಬಿಟ್ಟ.

ಲವೀನಾ ನಗಲಿಲ್ಲ. ಹತ್ತಿರ ಹೋಗಿ, ಕೈಗವಸು ಬಿಚ್ಚಿ, ಕುಲುಕುತ್ತಿದ್ದ ಆ ಹೊಟ್ಟೆಯ ಮೇಲೆ ಅಂಗೈ ಇಟ್ಟು ತಲೆ ತಗ್ಗಿಸಿ ನಿಂತಳು. ಅಭ್ಯಾಸಬಲ, ನಾನು ಉಸಿರು ಬಿಗಿಹಿಡಿದೆ. ಎಲ್ರಾಯ್‌ನ ನಗುವೂ ನಿಂತಿತು.

“ಹಣ್ಣು,” ಎಂದಳು.

“ನಾನು ಹಣ್ಣಾಗಿ ಹತ್ತು ವರ್ಷ ಆಯ್ತಲ್ಲ ಮಾರಾಯ್ತಿ, ಉದುರೋ ಹೊತ್ತು ಬಂತು,” ಎಂದ ಎಲ್ರಾಯ್. “ಅದೇನು ಹೊಸ ಸುದ್ದಿ?”

“ನಿಂದಲ್ಲ ಕಣೋ,” ಎಂದಳು ಲವೀನಾ. “ನಾನು ನಂದು ಹೇಳಿದ್ದು.”

ಎಲ್ರಾಯ್ ಟೋಪಿ ತೆಗೆದು ಕಣ್ಣೊರೆಸಿಕೊಂಡ. ಕೊಳದಲ್ಲಿ ಇನ್ನೂ ಮೀನುಗಳು ಕಾಯುತ್ತಿದ್ದವು. ಅರ್ಧ ತುಂಬಿದ ಲಾರಿಯನ್ನು ಬಾಗಿಲು ತೆರೆದಂತೆಯೇ ಬಿಟ್ಟು ಮೂವರೂ ಒಂದೇ ಪಿಕಪ್‌ನಲ್ಲಿ ಒತ್ತಿಕೊಂಡು ಕೂತು ವಾಪಸ್ ಹೊರಟೆವು.