ಕರಿಬೇವಿಗೊಂದು ಭಾಗಾಕಾರ

ಟೀಚರಮ್ಮನ ಬಲಗೈ ಹೆಬ್ಬೆರಳು ಅಗಲ. ಉಗುರಿನ ಅಂಚಿಗೆ ಸದಾ ಅರಿಶಿನ ಮೆತ್ತಿರುತ್ತಿತ್ತು. ಅಡುಗೆಮನೆ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ 7,39,39,133 ಎಂದು ಬರೆದು, ಆ ಹೆಬ್ಬೆರಳಿನಿಂದ ಕೊನೆಯ ಅಂಕಿಯನ್ನು ಮುಚ್ಚುತ್ತಿದ್ದರು. “ಈಗ ನೋಡು, ಉಳಿದಿದ್ದೂ ಯಾವುದಕ್ಕೂ ಭಾಗ ಆಗಲ್ಲ.” ಇನ್ನೊಂದನ್ನು ಮುಚ್ಚಿದರೂ ಅದೇ ಕಥೆ. ಹೀಗೆ ಬಲಗಡೆಯಿಂದ ಒಂದೊಂದೇ ಅಂಕಿ ಹೋಗಿ ಬರೀ ಏಳು ಉಳಿಯುವವರೆಗೂ, ಒಂದು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದಕ್ಕೂ ಬಗ್ಗದ ಸಂಖ್ಯೆ ಅದು.

ಕ್ಯಾಸಂಬಳ್ಳಿಯಿಂದ ಚಿನ್ನದ ಗಣಿ ಕಾರ್ಮಿಕರ ಮನೆಸಾಲಾದ ಊರಿಗಾಂ ಲೈನಿಗೆ ಸೊಸೆಯಾಗಿ ಬಂದ ನನಗೆ ಅವರು ಪಕ್ಕದ ಮನೆಯವರು, ನಿವೃತ್ತ ಗಣಿತದ ಟೀಚರ್. ನನಗೋ ಲೆಕ್ಕವೆಂದರೆ ಹೊಟ್ಟೆನೋವು. ಆದರೆ ಇಡೀ ಲೈನಿಗೆ ಇದ್ದ ಒಂದೇ ಕರಿಬೇವಿನ ಮರ ಅವರ ಹಿತ್ತಲಲ್ಲಿತ್ತು. ಒಂದು ಕಡ್ಡಿ ಸೊಪ್ಪಿಗೆ ಒಂದು ಭಾಗಾಕಾರ ಎಂಬುದು ಅವರ ಕಾನೂನು.

ಆ ಸಂಖ್ಯೆಯ ಬಾಲಕ್ಕೆ ಇನ್ನೊಂದು ಅಂಕಿ ಸೇರಿಸಿದರೂ ಅದರ ಗುಣ ಉಳಿದೀತೇ? ಇಲ್ಲ, ಇಲ್ಲಿಗೇ ಮುಗಿಯಿತು ಎನ್ನುತ್ತಿತ್ತಂತೆ ಅವರ ಗಣಿತದ ಪುಸ್ತಕ. ಟೀಚರಮ್ಮನಿಗೆ ಅಷ್ಟು ಸಾಲದು. “ಗಣೀಲಿ ಚಿನ್ನ ಮುಗೀತು ಅಂತಾನೂ ಯಾರೋ ಏಳಿದ್ರು, ಬೀಗ ಆಕುದ್ರು. ನಾವೇನು ಇಳಿದು ನೋಡಿದ್ವಾ? ಇದನ್ನಾದ್ರೂ ನೋಡ್ಕಂಡೇ ಓಗ್ತೀನಿ.” ಹೃದಯದ ಕಾಯಿಲೆಯಿದ್ದವರು, ಆ ಮಾತು ತಮಾಷೆಯದಾಗಿರಲಿಲ್ಲ.

ಸಮ ಅಂಕಿಗಳೂ ಐದೂ ನೋಡಿದೊಡನೆ ಬಿದ್ದವು. ಒಂದು ಮತ್ತು ಏಳು ಮೂರರ ಮಗ್ಗಿಗೆ ಸಿಕ್ಕಿಬಿದ್ದವು. ಉಳಿದವು ಮೂರು, ಒಂಬತ್ತು. ಮೊದಲು ಮೂರನ್ನು ಸೇರಿಸಿದ ಸಂಖ್ಯೆ ಹಿಡಿದು ಲೈನಿನ ಹೆಂಗಸರೆಲ್ಲ ಅಂಥದೇ ಬಗ್ಗದ ಚಿಕ್ಕ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸತೊಡಗಿದೆವು. ಎದುರುಮನೆ ಅಕ್ಕ ತಮಿಳಿನಲ್ಲಿ ಗೊಣಗುತ್ತಲೇ ನೂರ ಹದಿಮೂರರಿಂದ ಭಾಗಿಸಿ, ಶೇಷ ಹದಿನೈದು ಎಂದು ಒಪ್ಪಿಸಿ, ಸೊಪ್ಪು ಒಯ್ದರು. ಮರುದಿನ ನನ್ನ ಸರದಿ, ನೂರ ಇಪ್ಪತ್ತೇಳು.

ಒಲೆ ಮೇಲೆ ಸಾರು ಕುದಿಯುತ್ತಿತ್ತು. ಹಳೆಯ ಕ್ಯಾಲೆಂಡರಿನ ಹಿಂದೆ ಭಾಗಿಸಿದೆ. ಕೊನೆಗೆ ಏನೂ ಉಳಿಯಲಿಲ್ಲ. ಎಲ್ಲೋ ಎಡವಿದೆನೆಂದು ಮತ್ತೆ ಮಾಡಿದೆ. ಮತ್ತೆ ಸೊನ್ನೆ.

“ಟೀಚರಮ್ಮಾ, ನಂದೇನೂ ಉಳೀತಾ ಇಲ್ಲ. ತಪ್ಪಾಗೈತೆ ಅನ್ಸತ್ತೆ.”

ಅವರು ಕನ್ನಡಕ ಏರಿಸಿ ಸಾಲುಸಾಲಾಗಿ ನೋಡಿದರು. ತಾವೂ ಭಾಗಿಸಿದರು. “ಬಿತ್ತು ಕಣೇ! ಮೂರು ಬಿತ್ತು!” ಎಂದು ನನ್ನನ್ನು ಅಪ್ಪಿಕೊಂಡು ಅತ್ತೇಬಿಟ್ಟರು. ಆಮೇಲೆ ಹಿತ್ತಲಿಗೆ ಹೋಗಿ ಒಂದು ಕೊಂಬೆಯನ್ನೇ ಮುರಿದು ತಂದರು. ಮನೆಯಲ್ಲಿ ಸಾರು ಸೀದು ನಮ್ಮತ್ತೆಯಿಂದ ಸಹಸ್ರನಾಮ ಆಯಿತು. ಆದರೂ ಅಂಥ ಖುಷಿ ನನಗೆ ಯಾವ ಪರೀಕ್ಷೆಯಲ್ಲೂ ಸಿಕ್ಕಿರಲಿಲ್ಲ.

“ಒಂಬತ್ತು?” ಎಂದು ಸಂಜೆ ಕೇಳಿದೆ.

“ನನ್ನ ಪಾಲಿಂದು ನೋಡ್ದೆ. ಅದು ನಿಮ್ಮೆಲ್ಲಾರ್ದು. ಮೊಬೈಲ್ ಒತ್ತೀರ, ಜೋಕೆ!”

ಯುಗಾದಿ ಕಳೆದ ಮೇಲೆ ಒಂದು ದಿನ ಅವರು ನಿದ್ದೆಯಲ್ಲೇ ಹೋದರು. ಮರಕ್ಕೆ ಈಗ ನಾನು ನೀರು ಹಾಕುತ್ತೇನೆ. ಲೆಕ್ಕದ ಭಯ ಬಿಡಿಸಿದ್ದಕ್ಕೆ ಅಷ್ಟನ್ನೂ ಮಾಡದಿದ್ದರೆ ಹೇಗೆ? ಇವತ್ತು ಬೆಳಗ್ಗೆ ಒಂಬತ್ತರ ಸಂಖ್ಯೆಯನ್ನು ಇನ್ನೂರ ಮೂವತ್ತಮೂರರಿಂದ ಭಾಗಿಸಿದೆ, ಶೇಷ ತೊಂಬತ್ತು. ಸೊಪ್ಪಿಗೆ ಬಂದ ಹೊಸ ಸೊಸೆಯೊಬ್ಬಳು ನಕ್ಕಳು: “ಮೊಬೈಲಲ್ಲಿ ಒತ್ತಿದ್ರೆ ಬಂದ್ಬುಡ್ತದಲ್ಲಕ್ಕಾ?”

“ಬತ್ತದೆ. ಆದ್ರೆ ನಮ್ಗೇ ಅಂತ ಉಳ್ಸಿ ಓಗವ್ರೆ ಕಣಮ್ಮ,” ಎಂದು ಅವಳ ಕೈಗೆ ಸೀಮೆಸುಣ್ಣ ಕೊಟ್ಟೆ. “ನಿಂದು ಇನ್ನೂರ ಮೂವತ್ತೊಂಬತ್ತು.”